ಅಂಬ್ರಪ್ಪ ದಾಟಿಸಿದ ಹನ್ನೊಂದು ನಿಮಿಷ

ಪರದೆಯ ಮೇಲೆ ಆರು ನಿಮಿಷದಿಂದ ಒಂದು ಮಣ್ಣಿನ ಗೋಡೆ ಇತ್ತು. ಗೋಡೆಯ ಬುಡದಲ್ಲಿ ಒಂದು ಆಡು ಮಲಗಿ ಮೆಲುಕು ಹಾಕುತ್ತಿತ್ತು. ಆ ಆಡನ್ನು ಕದಿಯಲು ಯಾರೂ ಬರಲಿಲ್ಲ, ಕಾಯಲೂ ಬರಲಿಲ್ಲ. ಹಾಡಿಲ್ಲ, ಮಾತಿಲ್ಲ, ಎಲ್ಲೋ ಒಂದು ನಳದಿಂದ ನೀರು ತೊಟ್ಟಿಕ್ಕುವ ಸಪ್ಪಳ ಮಾತ್ರ. ಭೀಮರಾಯನಗುಡಿ ಕ್ಯಾಂಪಿನ ಹಳೆಯ ಸಭಾಂಗಣದಲ್ಲಿ ಎಲ್ಲರ ಬೆನ್ನ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಅಂಬ್ರಪ್ಪ ಹಳಸಿದ ಅನ್ನದ ವಾಸನೆ ಬಡಿದವನ ಹಾಗೆ ಮೂಗು ಮುರಿದ. ಮೂವತ್ನಾಲ್ಕು ವರ್ಷ ಸಿನಿಮಾ ಓಡಿಸಿದ ಮನುಷ್ಯ ಅವನು. ಇದನ್ನೂ ಸಿನಿಮಾ ಅಂತ ಕರೆದು ತನ್ನ ಕೈಯಿಂದಲೇ ಓಡಿಸುತ್ತಾರಲ್ಲ ಎಂದು ಅವನಿಗೆ ಸಿಟ್ಟಿಗಿಂತ ಹೇಸಿಗೆ ಹೆಚ್ಚಾಗಿತ್ತು.

ಅವನ ಸಿನಿಮಾ ಬೇರೆ. ಇಪ್ಪತ್ತೊಂದನೆಯ ವಯಸ್ಸಿಗೆ ಸುರಪುರದ ಟಾಕೀಜಿನಲ್ಲಿ ಮಷೀನಿನ ಮುಂದೆ ನಿಂತವನು, ಟಾಕೀಜು ಬಾಗಿಲು ಹಾಕುವ ತನಕ ಅಲ್ಲಿಂದ ಕದಲಲಿಲ್ಲ. ಮಾಲೀಕ ಏಜಾಜ ಸೇಠ ಮೊದಲ ವಾರವೇ ಅವನ ಕೈಗೆ ಒಂದು ಸಣ್ಣ ಕತ್ತರಿ ಕೊಟ್ಟು ಹೇಳಿದ್ದ: "ನೋಡಪಾ ಅಂಬ್ರಪ್ಪ, ಕೆಳಗ ಕುರ್ಚಿ ಕಿರ್ ಅನ್ನಾಕ ಹತ್ತಿದ್ವು ಅಂದ್ರ ಪಬ್ಲಿಕ್ಕಿಗೆ ಬ್ಯಾಸರಾಗೇದ ಅಂತ ತಿಳಿ. ಮರುದಿನದ ಶೋದಾಗ ಆ ತುಂಡು ಇರಬಾರದು." ಅಂಬ್ರಪ್ಪ ಆ ಮಾತನ್ನು ನಮಾಜಿನಂತೆ ಪಾಲಿಸಿದ. ಮೊದಲ ದಿನ ಕುರ್ಚಿಗಳಿಗೆ ಕಿವಿಕೊಟ್ಟು ಕೂರುವನು, ಎರಡನೆಯ ದಿನ ಬೆಳಿಗ್ಗೆ ಕತ್ತರಿ ಹಿಡಿಯುವನು. ತಾಯಿಯಾದವಳು ಎರಡನೆಯ ಸಲ ಅತ್ತರೆ ಕತ್ತರಿ. ಕೋರ್ಟಿನಲ್ಲಿ ವಕೀಲ ಉದ್ದ ಭಾಷಣ ಬಿಗಿದರೆ ಕತ್ತರಿ. ಗುಡ್ಡ, ಮೋಡ, ಹಾರುವ ಹಕ್ಕಿ, ಇವಕ್ಕಂತೂ ಕರುಣೆಯೇ ಇರಲಿಲ್ಲ. ಕತ್ತರಿಸಿದ ತುದಿಗಳನ್ನು ಅಂಟಿಸಿ, ಬೆರಳಿನಿಂದ ಸವರಿ ನೋಡಿ, ಮತ್ತೆ ಸುತ್ತುವನು.

ಸುತ್ತಲ ಹಳ್ಳಿಯವರೆಲ್ಲ "ಸುರಪುರದಾಗ ಸಿನಿಮಾ ಚುರುಕ ಓಡತಾವ" ಎಂದು ಹೊಗಳುತ್ತಿದ್ದರು. ಯಾಕೆ ಚುರುಕು ಎಂದು ಯಾರಿಗೂ ಗೊತ್ತಿರಲಿಲ್ಲ. ರೀಲಿನ ಡಬ್ಬಿ ಒಯ್ಯಲು ಬಂದ ಕಂಪನಿಯವನು ಎಂದಾದರೂ ಹುಬ್ಬು ಗಂಟಿಕ್ಕಿ ಕೇಳಿದರೆ ಅಂಬ್ರಪ್ಪನ ಬಳಿ ಒಂದೇ ಉತ್ತರ, "ಮ್ಯಾಲಿಂದ ಬಂದದ್ದೇ ಹಂಗರಿ." ಕಟ್ಟಿಕೊಂಡ ಹೆಂಡತಿಗೂ ಅವನು ಕತ್ತರಿಯ ಸುದ್ದಿ ಹೇಳಿರಲಿಲ್ಲ. ಒಮ್ಮೆ ಪ್ರಶಸ್ತಿ ಪಡೆದ ಸಿನಿಮಾ ಒಂದು ಹಾದಿ ತಪ್ಪಿ ಟಾಕೀಜಿಗೆ ಬಂದಿತ್ತು. ಎರಡೂವರೆ ತಾಸಿನದನ್ನು ಅಂಬ್ರಪ್ಪ ಒಂದೂಕಾಲು ತಾಸಿಗೆ ಇಳಿಸಿದ. ನೋಡಿದ ಹನ್ನೆರಡು ಮಂದಿಯಲ್ಲಿ ಒಬ್ಬನಿಗೂ ಏನೂ ಅನ್ನಿಸಲಿಲ್ಲ. ಇಂಥ ಸಿನಿಮಾಗಳಲ್ಲಿ ಅರ್ಧ ತೆಗೆದರೂ ಏನೂ ಕಡಿಮೆ ಬೀಳುವುದಿಲ್ಲ ಎಂಬುದಕ್ಕೆ ಅವನಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಟಾಕೀಜು ಮುಚ್ಚಿ ಹನ್ನೆರಡು ವರ್ಷವಾಗಿ, ಈಗ ಅದು ಇದ್ದಲ್ಲಿ ಅಂಗಡಿ ಸಾಲು ಎದ್ದಿದೆ. ಅಂಬ್ರಪ್ಪ ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಮಿಕ್ಸರು, ಮೈಕು ರಿಪೇರಿ ಮಾಡಿಕೊಂಡಿದ್ದಾನೆ. ಅಲ್ಲಿಗೆ ಒಂದು ದಿನ ಬುದ್ಧಪ್ರಿಯ ಎಂಬ ಮಾಸ್ತರು ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು, ಸಂಭಾವಿತರು, ಖಾದಿ ಜುಬ್ಬಾದವರು. ಒಳ್ಳೆಯ ಸಿನಿಮಾ ತೋರಿಸುವ ಬಳಗವೊಂದನ್ನು ಕಟ್ಟಿದ್ದೇವೆ, ಎರಡು ವಾರಕ್ಕೊಮ್ಮೆ ರವಿವಾರ ಮಧ್ಯಾಹ್ನ ಪ್ರದರ್ಶನ, ಪ್ರೊಜೆಕ್ಟರಿನ ವೈರುಗಳು ನಮಗೆ ಬಗೆಹರಿಯುವುದಿಲ್ಲ, ನೀವು ಬರಬೇಕು ಎಂದರು. ಸಿನಿಮಾ ಎಂಬ ಶಬ್ದ ಕೇಳಿಯೇ ಅಂಬ್ರಪ್ಪ ಅರ್ಧ ಎದ್ದು ನಿಂತಿದ್ದ.

ಮೊದಲ ರವಿವಾರವೇ ಮೋಸವಾದದ್ದು ತಿಳಿಯಿತು. ಅಂದಿನ ಸಿನಿಮಾದಲ್ಲಿ ಒಬ್ಬ ಮುದುಕ ನಡೆದ. ಎಲ್ಲಿಂದ ಎಲ್ಲಿಗೆ, ಯಾಕೆ, ಕೇಳಬಾರದು. ಎರಡನೆಯ ರವಿವಾರ ಒಬ್ಬಳು ಕಿಟಕಿಯ ಮುಂದೆ ನಿಂತಳು, ಸಿನಿಮಾ ಮುಗಿದಾಗಲೂ ನಿಂತೇ ಇದ್ದಳು. ಮೂರನೆಯದರ ಬಗ್ಗೆ ಮಾತಾಡುವುದೇ ಬೇಡ. ಪ್ರತಿ ಸಲವೂ ಬುದ್ಧಪ್ರಿಯ ಮಾಸ್ತರು ಮೊದಲು ಅರ್ಧ ತಾಸು ಮಾತಾಡುತ್ತಿದ್ದರು. "ಇಲ್ಲಿ ಕಥೆ ಹುಡುಕಬೇಡಿ. ಕಾಲವನ್ನು ಅನುಭವಿಸಿ." ಬಸ್ಸು ಕೆಟ್ಟು ನಿಂತಾಗ ರಸ್ತೆಯ ಬದಿಗೆ ಕೂತು ತಾನು ಬೇಕಾದಷ್ಟು ಕಾಲ ಅನುಭವಿಸಿದ್ದೇನೆ, ಅದಕ್ಕೆ ಪ್ರೊಜೆಕ್ಟರು ಯಾಕೆ ಬೇಕು ಎಂದು ಅಂಬ್ರಪ್ಪ ಹಲ್ಲು ಕಡಿಯುತ್ತಿದ್ದ. ಮೊದಲ ಸಲ ಹತ್ತೊಂಬತ್ತು ಮಂದಿ ಬಂದರು, ಮೂರನೆಯ ಸಲಕ್ಕೆ ಐದು. ಆ ಐದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು. ತಿಂದ ಅನ್ನಕ್ಕೆ ದ್ರೋಹವಾಗದಿರಲೆಂದು ಅಂಬ್ರಪ್ಪ ಒಂದು ತುಂಡನ್ನೂ ದಾಟಿಸದೆ ಎಲ್ಲವನ್ನೂ ಪೂರ್ತಿ ಓಡಿಸಿದ್ದ. ಆ ಸಂಯಮಕ್ಕೆ ಯಾರೂ ಅವನ ಬೆನ್ನು ತಟ್ಟಲಿಲ್ಲ.

ಈ ನಾಲ್ಕನೆಯ ರವಿವಾರದ ಸಂಗತಿ ಬೇರೆಯಾಗಿತ್ತು. ಇದು ಎಂಟು ವರ್ಷದ ಹಿಂದೆ ವನದುರ್ಗದಲ್ಲಿ ತೆಗೆದ ಸಿನಿಮಾ. ದೂರದೂರಿನ ನಿರ್ದೇಶಕನೊಬ್ಬ ನಲವತ್ತು ದಿನ ಕೋಟೆಯ ಬುಡದಲ್ಲಿ ಬೀಡುಬಿಟ್ಟು ತೆಗೆದದ್ದು. ಪರದೇಶಗಳಲ್ಲೆಲ್ಲ ತೋರಿಸಿ ಮುಗಿದ ಮೇಲೆ ಈಗ ಈ ಕಡೆಗೆ ಬಂದಿತ್ತು. ಆಟಕ್ಕೆ ಇನ್ನೂ ಅರ್ಧ ತಾಸು ಇದೆ ಎನ್ನುವಾಗ ಮಂದಿ ತುಂಬಿದ ಒಂದು ಟಂಟಂ ಆಟೋ ಬಂದು ಸಭಾಂಗಣದ ಮುಂದೆ ನಿಂತಿತು. ಹದಿನಾಲ್ಕು ಮಂದಿ ಇಳಿದರು. ಎಲ್ಲರಿಗಿಂತ ಮುಂದೆ ಇಳಿದವಳು ನಲವತ್ತೈದರ ಆಸುಪಾಸಿನ ಹೆಣ್ಣುಮಗಳು, ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ನೇರ ಅಂಬ್ರಪ್ಪನ ಮೇಜಿನ ಬಳಿಗೇ ಬಂದಳು.

"ಅಣ್ಣಾರ, ಸಿನಿಮಾ ಬಿಡೋರು ನೀವೇನ್ರಿ? ನಾ ಬಸ್ಸಮ್ಮ, ವನದುರ್ಗದಾಕಿ. ಇದರಾಗ ನಾ ಅದೀನ್ರಿ."

"ಹೌದಾ ತಂಗಿ? ಏನು ಪಾರ್ಟು?"

"ಮಂದೀನ ಉಣ್ಣಾಕ ಕರಿಯೋದ್ರಿ. ಒಂದು ದಿನ ಪೂರಾ ನನ್ನ ಕಡೆನೇ ಮಾಡಿಸ್ಯಾರ." ಆಕೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಆ ಸಿನಿಮಾದೋರಿಗೆ ನಾ ಅಡಗಿ ಮಾಡಾಕ ಹೋಗಿದ್ದೆ. ಹಂಗಾಗಿ ಊರಾಗ ಯಾರೂ ನಂಬಂಗಿಲ್ಲ. ಅಡಗಿ ಮಾಡಾಕ ಹೋದಾಕಿ ಪಾರ್ಟ ಮಾಡೀನಿ ಅಂತಾಳ ಅಂತ ಎಂಟು ವರ್ಷ ಆತ್ರಿ ನಗಾಕತ್ತು. ಹೀರೋಯಿನ್ ಅಂತ ಹೆಸರಿಟ್ಟಾರ. ನಮ್ಮ ಹೆಣ್ಣಮಕ್ಕಳ ಸಂಘದಾಗ ನಾ ಒಂದು ಮಾತು ಅಂದ್ರ, ಹೀರೋಯಿನ್ ಮಾತು ಬಿಡ್ರಿ ಅಂತಾರ. ಖರೇ ಹೇಳಿದ್ದೂ ಸುಳ್ಳಾಗೇದ. ಇವತ್ತ ಕಣ್ಣೀಲೆ ನೋಡ್ಲಿ ಅಂತ ಎಲ್ಲಾರ್ನೂ ಎಳಕೊಂಡ ಬಂದೀನಿ."

ಅಂಬ್ರಪ್ಪ ಆಕೆಯ ಹಿಂದಿದ್ದವರನ್ನು ನೋಡಿದ. ಎಲ್ಲರಿಗಿಂತ ಎತ್ತರ ನಿಂತು ಮೀಸೆಯಡಿ ನಗುತ್ತಿದ್ದವನು ಹಿಟ್ಟಿನ ಗಿರಣಿಯ ಹಣಮಂತ್ರಾಯ. ಹೀರೋಯಿನ್ ಎಂಬ ಹೆಸರು ಅವನದೇ ಕೂಸು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಂಬ್ರಪ್ಪನಿಗೆ ಮೊದಲ ಸಲ ಈ ಬಳಗದ ಆಟವೊಂದರಲ್ಲಿ ಆಸ್ಥೆ ಹುಟ್ಟಿತು. ಆದರೆ ಭಯವೂ ಆಯಿತು. ಬುದ್ಧಪ್ರಿಯ ಮಾಸ್ತರು ಒಳ್ಳೆಯದು ಎಂದು ಆರಿಸಿದ ಸಿನಿಮಾ ಇದು. ಈಕೆಯ ಮುಖ ಬರುವ ಹೊತ್ತಿಗೆ ಹದಿನಾಲ್ಕು ಮಂದಿಯಲ್ಲಿ ಎಷ್ಟು ಮಂದಿ ಉಳಿದಿರುತ್ತಾರೋ!

"ನೀ ಬರೋ ತನಕ ಒಬ್ಬರ್ನೂ ಎದ್ದು ಹೋಗಾಕ ಬಿಡಂಗಿಲ್ಲ, ತಂಗಿ," ಎಂದ. "ನನ್ನ ಮಾತು."

ಆ ಮಾತನ್ನು ಉಳಿಸಿಕೊಳ್ಳುವುದೇ ಈಗ ಅವನ ಮುಂದಿದ್ದ ಕೆಲಸ. ಆಡು ಇನ್ನೂ ಮೆಲುಕು ಹಾಕುತ್ತಲೇ ಇತ್ತು. ಸಭಾಂಗಣದ ಕಬ್ಬಿಣದ ಕುರ್ಚಿಗಳು ಒಂದೊಂದಾಗಿ ಕಿರ್ ಅನ್ನತೊಡಗಿದವು. ಅಂಬ್ರಪ್ಪನಿಗೆ ಆ ಸಪ್ಪಳ ಮೈಮೇಲೆ ಇರುವೆ ಬಿಟ್ಟ ಹಾಗಾಯಿತು. "ಈ ಆಡಿಗೆ ಪ್ರಶಸ್ತಿ ಕೊಟ್ಟಾರೇನು?" ಎಂದು ಹಣಮಂತ್ರಾಯ ಕೂಗಿದ, ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಬುದ್ಧಪ್ರಿಯ ಮಾಸ್ತರು ಮಾತ್ರ ಅಲುಗಲಿಲ್ಲ. ಗದ್ದ ಎದೆಗೆ ಹತ್ತಿತ್ತು, ಕಣ್ಣು ಮುಚ್ಚಿತ್ತು. ಕಾಲವನ್ನು ಅನುಭವಿಸುತ್ತಿದ್ದರು.

ಆಡು ಹೋಯಿತು, ಬಾವಿ ಬಂತು. ಬಾವಿಯೊಳಗೆ ಯಾರಾದರೂ ಬೀಳುತ್ತಾರೆಂದು ಕಾದರು. ಯಾರೂ ಬೀಳಲಿಲ್ಲ. ಎರಡು ಕುರ್ಚಿ ಖಾಲಿಯಾದವು. ಇಬ್ಬರು ಹೆಂಗಸರು "ಎಲಿ ಅಡಿಕಿ ಹಾಕ್ಕೊಂಡ ಬರ್ತೀವಿ" ಎಂದು ಹೊರಗೆ ಹೋದರು. ಟಂಟಂನವನು ಬಾಗಿಲಿನಿಂದ ಇಣುಕಿ, "ಇನ್ನೂ ಎಷ್ಟೊತ್ತು?" ಎಂದ. ಬಸ್ಸಮ್ಮ ಹಿಂದೆ ತಿರುಗಿ ಅಂಬ್ರಪ್ಪನನ್ನು ನೋಡಿದಳು. ಕತ್ತಲಲ್ಲೂ ಆಕೆಯ ಕಣ್ಣಿನ ಗಾಬರಿ ಕಂಡಿತು.

ಅಂಬ್ರಪ್ಪನ ಬೆರಳು ಲ್ಯಾಪ್‌ಟಾಪಿನ ಮೇಲೆ ಹೋಯಿತು. ಬಾವಿಯನ್ನು ದಾಟಿಸಿದ. ಬಾವಿಯ ನಂತರ ಒಬ್ಬ ಮುದುಕ ತಲೆಗೆ ಪಟಗ ಸುತ್ತುತ್ತಿದ್ದ, ಅವನನ್ನೂ ದಾಟಿಸಿದ. ಯಾರಿಗೂ ಏನೂ ಅನ್ನಿಸಲಿಲ್ಲ. ಹನ್ನೆರಡು ವರ್ಷದ ಮೇಲೆ ಕತ್ತರಿ ಕೈಗೆ ಬಂದಿತ್ತು, ಕೈ ಏನೂ ಮರೆತಿರಲಿಲ್ಲ. ಎಂಟು ವರ್ಷದ ಹಿಂದಿನ ಹಣಮಂತ್ರಾಯ ಕುದುರೆಯ ಲಗಾಮು ಹಿಡಿದು ಒಂದು ಕ್ಷಣ ಪರದೆಯ ಮೇಲೆ ಹಾದು ಹೋದ. ಎಲ್ಲರೂ ಸಿಳ್ಳೆ ಹಾಕಿದರು, ಹೊರಗೆ ಹೋದವರೂ ಓಡಿ ಬಂದರು. ಚಲೋ ಆಯಿತು ಎಂದುಕೊಂಡ ಅಂಬ್ರಪ್ಪ. ಇನ್ನು ಬೇಗ ಈಕೆಯ ಮುಖ ಬರಬೇಕು, ಮಂದಿ ಮತ್ತೆ ಏಳುವ ಮೊದಲು ಬರಬೇಕು.

ಆಗ ಬಂದದ್ದು ಒಂದು ಬೆನ್ನು. ಹೊಗೆ ತುಂಬಿದ ಅಡುಗೆಮನೆ, ಒಲೆಯ ಮುಂದೆ ಯಾವಳೋ ಒಬ್ಬಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದಳು. ತಪ್ ತಪ್ ತಪ್. ಒಂದು ರೊಟ್ಟಿ ಹಂಚಿಗೆ ಬಿತ್ತು. ಇನ್ನೊಂದು ಮುದ್ದೆ ಹಿಟ್ಟು. ಮತ್ತೆ ತಪ್ ತಪ್ ತಪ್. ಮನೆಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಕಾಣುವ ಇದನ್ನು ಹೊತ್ತೊಯ್ದು ಪರದೇಶದವರಿಗೆ ತೋರಿಸಿದ್ದಾರಲ್ಲ, ನಾಚಿಕೆಯಾದರೂ ಬೇಡವೇ ಎಂದು ಅವನಿಗೆ ಮೈ ಉರಿಯಿತು. ಅವನ ಕಸುಬಿನ ಲೆಕ್ಕದಲ್ಲಿ ಬೆನ್ನು ತೋರಿಸುವ ಹೆಂಗಸು ಎಂದರೆ ನೀರು ತರುವವಳು, ಕಸ ಹೊಡೆಯುವವಳು, ಹೀರೋಯಿನ್ನಿನ ಹಿಂದೆ ಕುಣಿಯುವ ಹತ್ತರಲ್ಲಿ ಒಬ್ಬಳು. ಮೂರು ರೊಟ್ಟಿಯ ತನಕ ತಾಳಿದ. ಕುರ್ಚಿಗಳು ಮತ್ತೆ ಕಿರ್ ಅಂದವು. ಬೆರಳಿನಿಂದ ಎಳೆದ ಏಟಿಗೆ ಹನ್ನೊಂದು ನಿಮಿಷ ಹಾರಿಹೋಯಿತು.

ಅಲ್ಲಿಂದ ಮುಂದೆ ಅವನು ಕಣ್ಣು ಮಿಟುಕಿಸದೆ ಬಸ್ಸಮ್ಮನನ್ನು ಹುಡುಕಿದ. ಕೋಟೆಯ ಗೋಡೆ ಬಂತು, ಸೂರ್ಯ ಮುಳುಗಿದ, ಆಡು ಇನ್ನೊಮ್ಮೆ ಬಂತು. ಸಿನಿಮಾ ಮುಗಿಯಿತು.

ದೀಪ ಹತ್ತಿದ ಕೂಡಲೇ ಹಣಮಂತ್ರಾಯ ಎದ್ದು ನಿಂತ. ಸೊಂಟದ ಮೇಲೆ ಕೈಯಿಟ್ಟು ಸಭಾಂಗಣದ ಮೂಲೆಮೂಲೆಯನ್ನೂ ನೋಡಿದ. "ಎಲ್ಲಿ ಅದೀ ಬೇ ಹೀರೋಯಿನ್? ನಾ ಕುದುರಿ ಹಿಡಕೊಂಡ ಬಂದೆ, ಮಂದಿ ಸಿಳ್ಳಿ ಹೊಡದ್ರು. ಆಡು ಎರಡು ಸಲ ಬಂತು. ನೀ ಎಲ್ಲಿ ಬಂದಿ?"

ನಗು ಎದ್ದಿತು. ಬಸ್ಸಮ್ಮನ ಓಣಿಯ ಹೆಂಗಸರೂ ಸೆರಗು ಬಾಯಿಗೆ ಒತ್ತಿಕೊಂಡರು. ಬಸ್ಸಮ್ಮ ಅವರ ಕಡೆ ನೋಡಲಿಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಅಂಬ್ರಪ್ಪನ ಮೇಜಿಗೆ ಬಂದಳು.

"ಅಣ್ಣಾರ, ನೀವು ಪೂರಾ ನೋಡೀರಲ್ಲ. ನೀವರ ಹೇಳ್ರಿ. ಆ ಒಲಿ ಮುಂದ ಬೆನ್ನು ಹಾಕಿ ಕುಂತಾಕಿ ನಾನೇರಿ, ಆಮ್ಯಾಲೆ ತಿರುಗಿ ಮಂದೀನ ಕರೀತೀನಿ. ಎಲ್ಲಿ ಹೋತ್ರಿ ಅದು?"

ಒಲೆ ಎಂದ ಕೂಡಲೇ ತಾನು ದಾಟಿಸಿದ್ದು ಯಾರನ್ನು ಎಂದು ಅಂಬ್ರಪ್ಪನಿಗೆ ತಿಳಿಯಿತು. ಆದರೆ ಬಾಯಿ ಅವನನ್ನು ಕೇಳಲಿಲ್ಲ. ಮೂವತ್ನಾಲ್ಕು ವರ್ಷ ಆಡಿ ಪಳಗಿದ ಬಾಯಿ ಅದು.

"ಮ್ಯಾಲಿಂದ ಬಂದದ್ದೇ ಹಂಗ ತಂಗಿ," ಎಂದುಬಿಟ್ಟಿತು.

ಆಕೆ ಅತ್ತಿದ್ದರೆ, ಬೈದಿದ್ದರೆ ವಾಸಿಯಿತ್ತು. ಎರಡೂ ಮಾಡಲಿಲ್ಲ. "ಹಂಗಾರ ಅವರೇ ತಗದ ಒಗದಾರ ಬಿಡ್ರಿ" ಎಂದು ಹೇಳಿ, ಇಳಕಲ್ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು ಹೊರಗೆ ನಡೆದಳು.

ಅಂಬ್ರಪ್ಪ ಲ್ಯಾಪ್‌ಟಾಪಿನಲ್ಲಿ ಹಿಂದಕ್ಕೆ ಹೋದ. ಬೆನ್ನು. ರೊಟ್ಟಿ. ಎಂಟನೆಯ ನಿಮಿಷಕ್ಕೆ ಆ ಬೆನ್ನು ತಿರುಗಿತು. ಹೊಗೆಗೆ ಕಣ್ಣು ಕಿರಿದು ಮಾಡಿ, ಹಿಟ್ಟಿನ ಕೈಯಿಂದ ಕೂದಲು ಹಿಂದಕ್ಕೆ ಸರಿಸಿ, ಬಸ್ಸಮ್ಮ ನೇರ ಅವನ ಮುಖವನ್ನೇ ನೋಡಿ ಕರೆದಳು: "ಉಣ್ಣಾಕ ಬರ್ರೆಪಾ, ರೊಟ್ಟಿ ಆರತಾವು." ಅಂಬ್ರಪ್ಪನಿಗೆ ಆ ಮಧ್ಯಾಹ್ನ ಎರಡನೆಯ ಸಲ ಹೇಸಿಗೆ ಹುಟ್ಟಿತು. ಈ ಸಲ ಸಿನಿಮಾಕ್ಕಲ್ಲ, ಸುಳ್ಳು ಹೇಳಿದ ತನ್ನ ಮೋರೆಯ ನೆನಪಿಗೆ. ಥೂ ನಿನ್ನ, ಎಂದು ತನಗೆ ತಾನೇ ಗಟ್ಟಿಯಾಗಿ ಉಗಿದುಕೊಂಡ.

ಆ ಸಪ್ಪಳಕ್ಕೆ ಬುದ್ಧಪ್ರಿಯ ಮಾಸ್ತರು ಎದ್ದು ಬಂದರು. ಏನಾಯಿತೆಂದು ಕೇಳಿ ತಿಳಿದು ಕೆಂಪಾದರು. "ನೀವು ಕಟ್ ಮಾಡಿದ್ರಾ ಅಂಬ್ರಪ್ಪ? ಅದು ಆ ಚಿತ್ರದ ಆತ್ಮರೀ! ಇಡೀ ಚಿತ್ರದ ಆತ್ಮ!"

"ನೀವು ಮುಂದ ಕುಂತು ನೋಡಾಕತ್ತಿದ್ರಲ್ರಿ ಸರ," ಎಂದ ಅಂಬ್ರಪ್ಪ. "ಆತ್ಮ ಹಾರಿ ಹೋಗಿದ್ದು ನಿಮಗ ಗೊತ್ತಾಗಲಿಲ್ಲೇನು?"

ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು. ಅಂಬ್ರಪ್ಪ ಆಗಲೇ ಬಾಗಿಲು ದಾಟಿದ್ದ.

ಟಂಟಂ ಹೊರಡುವುದರಲ್ಲಿತ್ತು. ಅಂಬ್ರಪ್ಪ ಅದರ ಮುಂದೆ ಹೋಗಿ ಎರಡೂ ಕೈ ಅಡ್ಡ ಹಿಡಿದು ನಿಂತ. "ನಿಲ್ಲಸ್ರಿ! ಬಸ್ಸಮ್ಮ ಖರೇ ಹೇಳ್ಯಾಳ. ಆಕಿ ಪಾರ್ಟ ಅದ. ನಾನೇ ದಾಟಿಸಿ ಬಿಟ್ಟೀನಿ, ಬ್ಯಾಸರಾಗಿ." ಜೀವಮಾನದಲ್ಲಿ ಮೊದಲ ಸಲ ಒಪ್ಪಿಕೊಂಡ ತಪ್ಪು. ಆಡಿ ಮುಗಿಸುವಷ್ಟರಲ್ಲಿ ಬೆವರಿದ್ದ.

ಹಣಮಂತ್ರಾಯ ಹಿಂದಿನಿಂದ ತಲೆ ಹೊರಗೆ ಹಾಕಿದ. "ಆಗ ಮ್ಯಾಲಿಂದ ಬಂದದ್ದೇ ಹಂಗ ಅಂದಿ. ಈಗ ನಾ ದಾಟಿಸೀನಿ ಅಂತಿ. ಯಾವುದು ಖರೇನಪಾ ಮುದುಕಪ್ಪ?"

"ಪಾಪ, ಹೆಣ್ಣಮಗಳು ಸಣ್ಣ ಮುಖ ಮಾಡ್ಯಾಳ ಅಂತ ಹೇಳಾಕತ್ತಾನ," ಎಂದಳು ಒಬ್ಬಳು.

"ಒಳಗ ಬರ್ರಿ, ತೋರಸ್ತೀನಿ."

ಟಂಟಂನಲ್ಲಿ ಗುಲ್ಲೆದ್ದಿತು. ಮತ್ತೆ ಆ ಸಿನಿಮಾವೇ? ಕಾಲಿಗೆ ಬೀಳುತ್ತೇವೆ, ಬಿಟ್ಟುಬಿಡು. ಬೇಕಾದರೆ ಬಸ್ಸಮ್ಮ ಖರೇ ಹೇಳಿದಳು ಅಂತ ಈಗಲೇ ಒಪ್ಪಿಕೊಳ್ಳುತ್ತೇವೆ, ಒಳಗೆ ಮಾತ್ರ ಕರೆಯಬೇಡ. ಹಾಗೆ ಒಪ್ಪಿಕೊಂಡರೆ ಅದು ಒಪ್ಪಿಗೆಯಲ್ಲ ಎಂದು ಅಂಬ್ರಪ್ಪನಿಗೂ ಗೊತ್ತಿತ್ತು, ಮೂಲೆಯಲ್ಲಿ ಮೊಣಕಾಲು ಅಪ್ಪಿ ಕೂತಿದ್ದ ಬಸ್ಸಮ್ಮನಿಗೂ ಗೊತ್ತಿತ್ತು. ಆಕೆ ತಲೆಯನ್ನೇ ಎತ್ತಲಿಲ್ಲ.

ಅಂಬ್ರಪ್ಪ ಓಡಿದ. ಈ ವಯಸ್ಸಿನಲ್ಲಿ ಓಡಬಾರದು, ಓಡಿದ. ವೈರು ಕಿತ್ತು ಲ್ಯಾಪ್‌ಟಾಪನ್ನು ಎದೆಗವಚಿ ತಂದ. ನಾಲ್ಕೂವರೆಯ ಬಿಸಿಲಿಗೆ ಅದರ ತೆರೆ ಕಪ್ಪಾಗಿ ಕಂಡಿತು, ಏನೂ ತಿಳಿಯಲಿಲ್ಲ. "ತಾಡಪತ್ರಿ ಅದ ಏನು?" ಎಂದು ಕೂಗಿದ. ಟಂಟಂನವನು ಮಳೆಗೆ ಹೊದಿಸುವ ತಾಡಪತ್ರಿಯನ್ನು ಸೀಟಿನಡಿಯಿಂದ ಎಳೆದು ಕೊಟ್ಟ. ಅದನ್ನು ಟಂಟಂನ ಹಿಂಬದಿಗೆ ಇಳಿಬಿಟ್ಟು, ತಾನು ಹೊರಗೆ ನಿಂತು, ತಲೆ ಮತ್ತು ಎರಡು ಕೈ ಒಳಗೆ ತೂರಿಸಿ, ಅಂಗೈಗಳ ಮೇಲೆ ಲ್ಯಾಪ್‌ಟಾಪನ್ನು ಹಿಡಿದ. ಡೀಸೆಲ್ಲಿನ, ಬೆವರಿನ, ಎಲೆ ಅಡಿಕೆಯ ವಾಸನೆಯ ಆ ಕತ್ತಲಲ್ಲಿ ಹದಿನಾಲ್ಕು ಮುಖಗಳು ತೆರೆಯ ಮುಂದೆ ಒತ್ತಿಕೊಂಡವು.

ತಪ್ ತಪ್ ತಪ್.

"ಏ, ಅದು ಯಲ್ಲಮ್ಮನ ಗುಡಿ ಬಾಜೂದ ಮನಿ," ಎಂದಿತು ಒಂದು ದನಿ.

"ಹಿಟ್ಟು ಭಾಳ ತೆಳ್ಳಗ ಕಲಸ್ಯಾಳ."

"ಎಲ್ಲಿ ತೆಳ್ಳಗ? ನೋಡು ಹೆಂಗ ತಿರಗತದ. ಹೊಸ ಜ್ವಾಳ ಅದು."

"ನನ್ನ ಗಿರಣಿದೇ ಹಿಟ್ಟು," ಎಂದ ಹಣಮಂತ್ರಾಯ. "ಆ ಸಿನಿಮಾದೋರು ನನ್ನ ಕಡೆನೇ ಒಯ್ತಿದ್ರು."

"ಸುಮ್ಮ ಕುಂದರು, ನೋಡಾಕ ಬಿಡು."

ಅಂಬ್ರಪ್ಪನಿಗೆ ತೆರೆ ಕಾಣುತ್ತಿರಲಿಲ್ಲ, ಅವನತ್ತ ಅದರ ಬೆನ್ನಿತ್ತು. ಮುಖಗಳು ಕಾಣುತ್ತಿದ್ದವು. ನಾಲ್ಕನೆಯ ರೊಟ್ಟಿಗೆ ಅಂಗೈ ನೋಯತೊಡಗಿತು, ಏಳನೆಯದಕ್ಕೆ ನೋವು ರಟ್ಟೆಗೆ ಏರಿತು. ಯಾರೂ ಅಲುಗಲಿಲ್ಲ. ಒಬ್ಬಳು ಬಾಯಿಯೊಳಗಿನ ಎಲೆ ಅಗಿಯುವುದನ್ನೂ ಮರೆತಿದ್ದಳು. ಹಂಚಿನ ಮೇಲೆ ಒಂದು ರೊಟ್ಟಿ ಸರಿಯಾಗಿ ಉಬ್ಬದಿದ್ದಾಗ ಮೂರು ಹೆಂಗಸರು ಒಟ್ಟಿಗೆ "ಚ್ಚ" ಎಂದರು. ಆಮೇಲೆ ಆ ದನಿ ಕೇಳಿಸಿತು, "ಉಣ್ಣಾಕ ಬರ್ರೆಪಾ, ರೊಟ್ಟಿ ಆರತಾವು."

"ಖರೇನೇ ಅದಾಳಪಾ," ಎಂದ ಹಣಮಂತ್ರಾಯ ಕೊನೆಗೆ. ಹೊಟ್ಟೆಕಿಚ್ಚು ಮುಚ್ಚಿಡಲಾರದೆ, "ನನಗಿಂತ ಭಾಳ ಹೊತ್ತು ಅದಾಳ," ಎಂದ.

ತಾಡಪತ್ರಿ ತೆಗೆದಾಗ ಎಲ್ಲರೂ ಬಿಸಿಲಿಗೆ ಕಣ್ಣು ಉಜ್ಜಿಕೊಂಡರು. ಹೆಂಗಸರು ಬಸ್ಸಮ್ಮನನ್ನು ಸುತ್ತಿಕೊಂಡು ಬೆನ್ನ ಮೇಲೆ ಗುದ್ದುತ್ತಿದ್ದರು, ನಗುತ್ತಿದ್ದರು, ಇದು ಬೇರೆ ನಗು. ಬಸ್ಸಮ್ಮ ಅವರಿಂದ ಬಿಡಿಸಿಕೊಂಡು ಕೆಳಗಿಳಿದಳು. ಅಂಬ್ರಪ್ಪ ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿ ಸೋತ ಕೈಗಳನ್ನು ಜೋಡಿಸಿದ.

"ತಪ್ಪಾತು ತಂಗಿ. ಮುಖ ಕಾಣಲಿಲ್ಲ. ನೀನೇ ಅಂತ ಗೊತ್ತಿದ್ದರ ನಾ ಮುಟ್ಟತಿರಲಿಲ್ಲ. ಬ್ಯಾರೆ ಯಾವಾಕಿನೋ ಅಂತ ತಿಳದೆ."

ಬಸ್ಸಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳುವವರ ಹಾಗೆ ಕೇಳಿದಳು.

"ಬ್ಯಾರೆ ಯಾವಾಕಿನೋ ಆಗಿದ್ದರ ದಾಟಿಸಬಹುದಿತ್ತೇನ್ರಿ ಅಣ್ಣಾರ?"

ಅಂಬ್ರಪ್ಪ ಜೋಡಿಸಿದ ಕೈ ಇಳಿಸಿದ. ಸುರಪುರದ ಟಾಕೀಜಿನಲ್ಲಿ ತಾನು ಕತ್ತರಿಸಿ ಒಗೆದ ತುಂಡುಗಳು, ಆ ತಾಯಂದಿರು, ಆ ನೀರು ತರುವವರು, ಎಷ್ಟಿದ್ದವೋ ಅವನಿಗೂ ನೆನಪಿರಲಿಲ್ಲ. ಬಸ್ಸಮ್ಮ ಟಂಟಂನತ್ತ ತಿರುಗಿದಳು. ಹೆಂಗಸರು ಕೈ ಚಾಚಿ ಆಕೆಯನ್ನು ಮೇಲೆ ಎಳೆದುಕೊಂಡರು, ಮುಂದಿನ ಸೀಟಿನಲ್ಲಿ ಜಾಗ ಮಾಡಿಕೊಟ್ಟರು, ಟಂಟಂ ಹೊರಟಿತು.